ಸಂತ ಬೆನೆಡಿಕ್ಟರು: ಹೊಲದ ಹತಾರಕ್ಕೂ ಪೂಜ್ಯತೆ ತಂದವರು

ಜುಲೈ 11 ಸಂತ ಬೆನೆಡಿಕ್ಟರ ಹಬ್ಬ. ಅವರ ಪದಕವನ್ನು ಭಕ್ತಿಯಿಂದ ಧರಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಒಂದೇ ನೆಲವನ್ನು ಹಲವರು ಕೂಡಿ ಪಾಲಿಸುವ ಬಗೆಯನ್ನು ಅವರು ಲೋಕಕ್ಕೆ ಕಲಿಸಿದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಸುಮಾರು ಕ್ರಿ.ಶ. 480ರಲ್ಲಿ ಇಟಲಿಯ ನೂರ್ಸಿಯಾದಲ್ಲಿ ಜನಿಸಿದ ಬೆನೆಡಿಕ್ಟರು ವಿದ್ಯಾಭ್ಯಾಸಕ್ಕೆಂದು ರೋಮಿಗೆ ಹೋದರು. ಅಲ್ಲಿನ ದುರ್ನಡತೆಗೆ ಬೇಸತ್ತು ಸುಬಿಯಾಕೋದ ಗುಹೆಯಲ್ಲಿ 3 ವರ್ಷ ಏಕಾಂತವಾಸ ಮಾಡಿದರು. ಮಠವೊಂದರ ಸನ್ಯಾಸಿಗಳು ಅವರನ್ನು ತಮಗೆ ಹಿರಿಯರಾಗಿರಲು ಬೇಡಿ ಕರೆದೊಯ್ದರು. ಬಳಿಕ ಅವರ ಶಿಸ್ತನ್ನು ತಾಳಲಾರದೆ ದ್ರಾಕ್ಷಾರಸದಲ್ಲಿ ವಿಷ ಬೆರೆಸಿದರು. ಬೆನೆಡಿಕ್ಟರು ಶಿಲುಬೆಯ ಗುರುತು ಮಾಡಿದೊಡನೆ ಆ ಪಾತ್ರೆ ಒಡೆಯಿತೆಂದು ಪೋಪ್ ಮಹಾ ಗ್ರೆಗೊರಿಯವರು ರಚಿಸಿದ ಚರಿತ್ರೆ ತಿಳಿಸುತ್ತದೆ. ಕೂಡಿ ಬಾಳುವುದು ಎಷ್ಟು ಕಠಿಣವೆಂಬುದನ್ನು ಹೀಗೆ ಪ್ರಾಣಾಪಾಯದಲ್ಲಿ ಅರಿತರೂ ಅವರು ಅದನ್ನು ತೊರೆಯಲಿಲ್ಲ. ಸುಬಿಯಾಕೋದಲ್ಲಿ 12 ಮಠಗಳನ್ನು ಸ್ಥಾಪಿಸಿದರು.

ಅಲ್ಲಿ ಗೋಥ್ ಜನಾಂಗದ ಬಡವನೊಬ್ಬ ಸರೋವರದ ದಡದಲ್ಲಿ ಮುಳ್ಳುಪೊದೆ ಕಡಿಯುತ್ತಿದ್ದಾಗ ಕತ್ತಿಯ ಅಲಗು ಹಿಡಿಯಿಂದ ಕಳಚಿ ನೀರಿಗೆ ಬಿತ್ತು. ಅವನು ನಡುಗುತ್ತಾ ತಪ್ಪೊಪ್ಪಿಕೊಂಡನು. ಬೆನೆಡಿಕ್ಟರು ಹಿಡಿಯನ್ನು ನೀರಿಗಿಳಿಸಲು ಅಲಗು ಮೇಲೆದ್ದು ಕೂಡಿಕೊಂಡಿತೆಂದು ಅದೇ ಚರಿತ್ರೆ ಹೇಳುತ್ತದೆ. ಅದನ್ನು ಅವನ ಕೈಗಿತ್ತು, ದುಃಖಿಸದೆ ದುಡಿಯುವಂತೆ ಸಂತೈಸಿದರು.

ಸುಮಾರು 529ರಲ್ಲಿ ಅವರು ಮೋಂತೆ ಕಸ್ಸೀನೋ ಬೆಟ್ಟದಲ್ಲಿ ನೆಲೆಸಿದರು. ಅವರ 73 ಅಧ್ಯಾಯಗಳ ನಿಯಮಾವಳಿಯಂತೆ ಸನ್ಯಾಸಿಗೆ ಲೇಖನಿ ಕೂಡ ಸ್ವಂತದ್ದಲ್ಲ. ಎಲ್ಲರದೆಂದರೆ ಯಾರದೂ ಅಲ್ಲವೆಂಬ ಅಸಡ್ಡೆ ಹುಟ್ಟುವುದನ್ನೂ ಅವರು ಬಲ್ಲವರಾಗಿದ್ದರು. ಆದುದರಿಂದ ಹತಾರಗಳನ್ನು ಯಾರಿಗೆ ಕೊಟ್ಟಿದೆ, ಏನು ಹಿಂದಿರುಗಿತೆಂಬ ಪಟ್ಟಿಯನ್ನು ಮಠಾಧಿಪತಿ ಇಡಬೇಕು. ಅವನ್ನು ಕೊಳಕಾಗಿಟ್ಟವನನ್ನು ತಿದ್ದಬೇಕು. ಉಗ್ರಾಣದ ಮೇಲ್ವಿಚಾರಕನು ಮಠದ ಸಕಲ ವಸ್ತುಗಳನ್ನೂ ಬಲಿಪೀಠದ ಪಾತ್ರೆಗಳಂತೆ ಕಾಣಬೇಕು. ಬಡತನದಿಂದಾಗಿ ಕೊಯ್ಲಿನ ಕೆಲಸ ಸನ್ಯಾಸಿಗಳ ಮೇಲೆಯೇ ಬಿದ್ದರೆ ಗೊಣಗಬಾರದು. ಅಶಕ್ತರಿಗೆ ಮಾತ್ರ ಅವರ ಶಕ್ತಿಗೆ ತಕ್ಕ ಕೆಲಸ. ಒಡೆತನವನ್ನು ತ್ಯಜಿಸಬಹುದು, ಹೊಣೆಯನ್ನಲ್ಲ. ಇದೇ ಆ ನಿಯಮಗಳ ತಿರುಳು.

ಸುಮಾರು 547ರಲ್ಲಿ, ಪರಮಪ್ರಸಾದವನ್ನು ಸ್ವೀಕರಿಸಿ, ಶಿಷ್ಯರ ತೋಳುಗಳ ಆಸರೆಯಲ್ಲಿ ನಿಂತು ಪ್ರಾರ್ಥಿಸುತ್ತಲೇ ಅವರು ಪ್ರಾಣಬಿಟ್ಟರು. 1964ರಲ್ಲಿ ಪೋಪ್ ಆರನೆಯ ಪೌಲರು ಅವರನ್ನು ಯೂರೋಪಿನ ಪಾಲಕ ಸಂತರೆಂದು ಘೋಷಿಸಿದರು.

ಪ್ರಿಯರೇ, ಹಿರಿಯರು ಬಿಟ್ಟುಹೋದ ಅಂಗೈಯಗಲ ಜಮೀನಿಗಾಗಿ ಒಡಹುಟ್ಟಿದವರೇ ಮಾತು ಬಿಟ್ಟಿರುವ ಮನೆಗಳು ನಮ್ಮ ನಡುವೆಯೂ ಇವೆ. ಅಂತಹ ಮನೆಯವರು ಈ ಹಬ್ಬದಂದು ಪದಕವನ್ನು ಮುಟ್ಟಿ ಪ್ರಾರ್ಥಿಸುವ ಮುನ್ನ, ನೆರೆಯ ಅಣ್ಣನ ಮನೆಯಿಂದ ತಂದ ಹಾರೆಯನ್ನು ತೊಳೆದು ಹಿಂದಿರುಗಿಸಲಿ. ಸಂತರು ಮೆಚ್ಚುವ ಪೂಜೆ ಅಲ್ಲಿಂದಲೇ ಆರಂಭವಾದೀತು.