ಡೆಪ್ಯುಟಿ ಚನ್ನಬಸಪ್ಪನವರು

ನಮ್ಮ ಮನೆಯಲ್ಲಿ ಮಾತಾಡುವುದು ಉರ್ದು, ಶಾಲೆಯಲ್ಲಿ ಕಲಿತದ್ದು ಕನ್ನಡ. ಲಿಂಗನಮಕ್ಕಿ ಹಿನ್ನೀರಿನ ಈ ಕಡೆ ಕನ್ನಡ ಶಾಲೆ ಇರುವುದು ದೊಡ್ಡ ವಿಷಯ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಚನ್ನಬಸಪ್ಪನವರ ಬಗ್ಗೆ ಓದಿದ ಮೇಲೆ ಅನ್ನಿಸಿತು.

ಅವರು ಹುಟ್ಟಿದ್ದು 1834ರಲ್ಲಿ, ಧಾರವಾಡದಲ್ಲಿ. ಆಗ ಧಾರವಾಡ, ಬೆಳಗಾವಿ ಎಲ್ಲ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಸರಕಾರಿ ಶಾಲೆಗಳಲ್ಲಿ ಮರಾಠಿಯದೇ ಜೋರು. ಮನೆಯಲ್ಲಿ ಕನ್ನಡ ಮಾತಾಡುವ ಮಗು ಶಾಲೆಗೆ ಹೋದರೆ ಮರಾಠಿ ಪುಸ್ತಕ ಹಿಡಿಯಬೇಕಿತ್ತು. ಪುಣೆಯಲ್ಲಿ ಓದಿ ಬಂದ ಚನ್ನಬಸಪ್ಪನವರು ಶಿಕ್ಷಣ ಇಲಾಖೆಗೆ ಸೇರಿ ಇದನ್ನು ಬದಲಾಯಿಸಲು ಹೊರಟರು.

ಶಾಲೆ ತೆರೆದರೆ ಸಾಕೆ? ಕಲಿಸುವವರು ಬೇಕಲ್ಲ. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ ಅವರು ಕನ್ನಡ ಶಿಕ್ಷಕರನ್ನು ತಯಾರು ಮಾಡಿದರು. ನಾರ್ಮಲ್ ಸ್ಕೂಲ್ ಅಂದರೆ ಶಿಕ್ಷಕರ ತರಬೇತಿ ಶಾಲೆ. (ಹೆಸರು ನೋಡಿ ನಾನು ಮೊದಲು ಸಾಧಾರಣ ಶಾಲೆ ಅಂದುಕೊಂಡಿದ್ದೆ!) ತರಬೇತಿ ಮುಗಿಸಿ ಹಳ್ಳಿಗೆ ಹೋದ ಮಾಸ್ತರು ಅಲ್ಲಿ ಒಬ್ಬರೇ. ಪಾಠ ಹೇಗೆ ಹೇಳಬೇಕು ಎಂದು ಗೊಂದಲವಾದರೆ ಕೇಳುವುದು ಯಾರನ್ನು? ಅಂಥವರಿಗಾಗಿ 1860ರ ದಶಕದಲ್ಲಿ ‘ಮಠಪತ್ರಿಕೆ’ ಹೊರಟಿತು. ಆಗ ಮಠ ಅಂದರೆ ಶಾಲೆ ಎಂದೂ ಅರ್ಥ. ಅದೇ ಪತ್ರಿಕೆ ಮುಂದೆ ‘ಜೀವನ ಶಿಕ್ಷಣ’ ಆಯಿತು. ನಮ್ಮ ಶಿಕ್ಷಕರಿಗೆ ಈ ಹೆಸರು ಗೊತ್ತೇ ಇರುತ್ತದೆ.

ಆಮೇಲೆ ಅವರು ಡೆಪ್ಯುಟಿ ಇನ್‌ಸ್ಪೆಕ್ಟರ್ ಆದರು. ಹುದ್ದೆಯ ಹೆಸರು ಅವರ ಹೆಸರಿಗೇ ಅಂಟಿಕೊಂಡಿತು. ಇಷ್ಟರ ನಡುವೆ 1871ರಲ್ಲಿ ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದರು. 1881ರಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ.