ಮನೆ ಮನೆಯ ಬಾಗಿಲು ತಟ್ಟಿದ ವಿದ್ವಾಂಸ ಡು ಬಾಯ್ಸ್

ಅಮೆರಿಕದ ಕಪ್ಪು ಜನರ ನಾಯಕರೆಂದರೆ ನಮ್ಮ ಮಕ್ಕಳಿಗೆ ಮಾರ್ಟಿನ್ ಲೂಥರ್ ಕಿಂಗ್ ನೆನಪಾಗುತ್ತಾರೆ. ಅವರಿಗಿಂತ ಎರಡು ತಲೆಮಾರು ಹಿಂದಿನವರು ವಿಲಿಯಂ ಎಡ್ವರ್ಡ್ ಬರ್ಗಾರ್ಟ್ ಡು ಬಾಯ್ಸ್. ಹೋರಾಟಗಾರರೆಂದೂ ಪತ್ರಿಕಾ ಸಂಪಾದಕರೆಂದೂ ಅವರು ಪ್ರಸಿದ್ಧರು. ಆದರೆ ಇಪ್ಪತ್ತೆಂಟರ ವಯಸ್ಸಿನಲ್ಲಿ ಅವರು ಕೈಗೊಂಡ ಒಂದು ಕೆಲಸವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮಸಾಚುಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ 1868ರ ಫೆಬ್ರವರಿ 23ರಂದು ಅವರು ಜನಿಸಿದರು. ತಂದೆ ಬೇಗನೆ ಮನೆ ಬಿಟ್ಟುಹೋದರು. ಕಷ್ಟಪಟ್ಟು ಸಾಕಿದ ತಾಯಿ, ಮಗ ಹೈಸ್ಕೂಲು ಮುಗಿಸಿದ ಮರುವರ್ಷ ತೀರಿಕೊಂಡರು. ಮುಂದಿನ ಓದಿಗೆ ಚರ್ಚುಗಳವರು ಹಣ ಕೂಡಿಸಿಕೊಟ್ಟರು. ಫಿಸ್ಕ್, ಹಾರ್ವರ್ಡ್, ಬರ್ಲಿನ್‌ಗಳಲ್ಲಿ ಓದಿ, 1895ರಲ್ಲಿ ಹಾರ್ವರ್ಡಿನ ಡಾಕ್ಟರೇಟ್ ಪಡೆದ ಮೊದಲ ಕಪ್ಪು ವ್ಯಕ್ತಿಯಾದರು.

ಮರುವರ್ಷ ಫಿಲಡೆಲ್ಫಿಯಾ ನಗರದ ಕಪ್ಪು ಜನರ ಸ್ಥಿತಿಗತಿಯನ್ನು ಪರಿಶೀಲಿಸಲು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಕೆಲಸ ಕೊಟ್ಟಿತೇ ಹೊರತು ಪಾಠ ಹೇಳಲು ತರಗತಿ ಕೊಡಲಿಲ್ಲ. ಹೊಸದಾಗಿ ಮದುವೆಯಾಗಿದ್ದ ಡು ಬಾಯ್ಸ್, ಪತ್ನಿ ನೀನಾ ಅವರೊಡನೆ ಏಳನೆಯ ವಾರ್ಡಿನ ತೀರ ಹೀನ ಭಾಗದಲ್ಲಿ, ಊಟದಂಗಡಿಯೊಂದರ ಮೇಲಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದರು. ಆ ವಾರ್ಡಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಕಪ್ಪು ಜನರಿದ್ದರು. ಪ್ರಶ್ನೆಗಳ ಹಾಳೆ ಹಿಡಿದು ಸುಮಾರು 2,500 ಮನೆಗಳಿಗೆ ಅವರೇ ಹೋದರು. ತಮ್ಮ ಬದುಕನ್ನು ಹೀಗೆ ಕೆದಕುವುದು ಅನೇಕರಿಗೆ ಹಿಡಿಸಲಿಲ್ಲ. ಆದರೂ ಉತ್ತರ ಕೊಟ್ಟರು.

ಕಪ್ಪು ಜನ ಕ್ಷಯದಿಂದ, ನ್ಯುಮೋನಿಯಾದಿಂದ ಹೆಚ್ಚಾಗಿ ಸಾಯುತ್ತಿದ್ದರು. ಅವರ ಹುಟ್ಟೇ ದುರ್ಬಲ, ಆ ಕುಲವೇ ಅಳಿದುಹೋಗುತ್ತದೆ ಎಂದು ವಿಮಾ ಕಂಪನಿಯ ಅಂಕಿಅಂಶ ತಜ್ಞ ಫ್ರೆಡರಿಕ್ ಹಾಫ್‌ಮನ್ 1896ರಲ್ಲಿ ಪುಸ್ತಕ ಬರೆದಿದ್ದರು. ಡು ಬಾಯ್ಸ್ ವಾರ್ಡುವಾರು ಲೆಕ್ಕ ನೋಡಿದರು. ಕೊಳಚೆಯಿಂದ ತುಂಬಿದ ಐದನೆಯ ವಾರ್ಡಿನಲ್ಲಿ ವರ್ಷಕ್ಕೆ ಸಾವಿರ ಕಪ್ಪು ಜನರಲ್ಲಿ 48 ಮಂದಿ ಸಾಯುತ್ತಿದ್ದರು. ಒಳ್ಳೆಯ ಮನೆ, ಶುಚಿಯಾದ ಬೀದಿಗಳಿದ್ದ ಮೂವತ್ತನೆಯ ವಾರ್ಡಿನಲ್ಲಿ 22. ನಗರ ಒಂದೇ, ಜನಾಂಗವೂ ಒಂದೇ. ಹುಟ್ಟಿನ ದೋಷವೇ ಕಾರಣವಾಗಿದ್ದರೆ ಇಷ್ಟು ಅಂತರ ಎಲ್ಲಿಂದ ಬರಬೇಕು?

ಹಾಗಾದರೆ ಒಳ್ಳೆಯ ಬೀದಿಗೆ ಹೋಗಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಬೇರೆಡೆ ಅವರಿಗೆ ಮನೆ ಕೊಡುವವರು ವಿರಳ. ಕೊಟ್ಟರೂ ಬಾಡಿಗೆ ದುಬಾರಿ. ಹೆಚ್ಚಿನವರು ಸಿರಿವಂತರ ಮನೆಗೆಲಸದವರಾದ್ದರಿಂದ ಕೆಲಸದ ಮನೆಗೆ ಹತ್ತಿರವೇ ಇರಬೇಕು. ಬಾಡಿಗೆ ಹೊಂದಿಸಲು ಇದ್ದ ಕೋಣೆಯನ್ನೂ ಬೇರೆಯವರೊಡನೆ ಹಂಚಿಕೊಳ್ಳಬೇಕು. ಅವರು ಭೇಟಿಯಿತ್ತ ಕುಟುಂಬಗಳಲ್ಲಿ ಸ್ನಾನದ ಕೋಣೆಯ ಅನುಕೂಲವಿದ್ದವು ನೂರಕ್ಕೆ 14 ಮಾತ್ರ. ಇದೆಲ್ಲವನ್ನೂ ಅವರು ಪುಸ್ತಕದಲ್ಲಿ ಬರೆದರು. ಕೇರಿಯವರಿಗೇ ನಡತೆಯ ಉಪದೇಶ ಹೇಳುವ ಪುಟಗಳೂ ಅದರಲ್ಲಿವೆ. ಅವು ನನಗೆ ಅಷ್ಟು ರುಚಿಸಲಿಲ್ಲ.

ಆ ಪುಸ್ತಕ ಹೊರಬಂದದ್ದು 1899ರಲ್ಲಿ. ಆಗ ಅವರು ದಕ್ಷಿಣದ ಅಟ್ಲಾಂಟಾದಲ್ಲಿ ಪ್ರಾಧ್ಯಾಪಕರು. ಅದೇ ವರ್ಷದ ಮೇ ತಿಂಗಳಲ್ಲಿ, ಎರಡು ವರ್ಷವೂ ತುಂಬದ ಮಗ ಬರ್ಗಾರ್ಟ್ ಗಂಟಲಮಾರಿಯಿಂದ ತೀರಿಕೊಂಡ. ಕಪ್ಪು ಮಗುವಿಗೆ ಬಿಳಿಯ ವೈದ್ಯರು ಸಿಗುವುದು ದುರ್ಲಭವಾಗಿದ್ದ ಊರು ಅದು. ಕಪ್ಪು ವೈದ್ಯರಿದ್ದದ್ದು ಬೆರಳೆಣಿಕೆಯಷ್ಟು. ಆ ಮಣ್ಣಿನಲ್ಲಿ ಮಗನನ್ನು ಹೂಳಲು ಮನಸ್ಸಾಗದೆ ದಂಪತಿಗಳು ಶವವನ್ನು ದೂರದ ಗ್ರೇಟ್ ಬ್ಯಾರಿಂಗ್ಟನ್‌ಗೆ ಒಯ್ದರು. ಸಾವಿನ ಲೆಕ್ಕವನ್ನು ಡು ಬಾಯ್ಸ್ ಮಾತ್ರ ಬಿಡಲಿಲ್ಲ. 1906ರಲ್ಲಿ ಕಪ್ಪು ಜನರ ಆರೋಗ್ಯದ ಬಗೆಗೇ ಒಂದು ವರದಿ ಸಂಪಾದಿಸಿ, ನೈರ್ಮಲ್ಯ, ವಿದ್ಯೆ, ಸಂಪಾದನೆ ಸುಧಾರಿಸಿದರೆ ಈ ಸಾವುಗಳು ಇಳಿಯುತ್ತವೆ ಎಂದು ತೋರಿಸಿದರು.

1909ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ರಾಷ್ಟ್ರೀಯ ಸಂಘ ಹುಟ್ಟಿದಾಗ ಸ್ಥಾಪಕರಲ್ಲಿ ಒಬ್ಬರಾದರು; ಅದರ ಪತ್ರಿಕೆಯನ್ನು 1910ರಿಂದ 1934ರವರೆಗೆ ನಡೆಸಿದರು. ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಹೋದ ಮನವಿಯ ಪ್ರತಿ ಬೇಕೆಂದು 1946ರಲ್ಲಿ ಡಾ. ಅಂಬೇಡ್ಕರ್ ಅವರಿಗೆ ಪತ್ರ ಬರೆದರು, ಡು ಬಾಯ್ಸ್ ಆದರದಿಂದ ಉತ್ತರಿಸಿದರು. ಊರಾಚೆ ಕೇರಿಯನ್ನಿಟ್ಟ ನಾಡಿನವರಾದ ನಮಗೆ ಆ ಪತ್ರವ್ಯವಹಾರದಲ್ಲಿ ಆಶ್ಚರ್ಯವೇನೂ ಕಾಣದು.

ಕೊನೆಯ ದಿನಗಳನ್ನು ಆಫ್ರಿಕಾದ ಘಾನಾ ದೇಶದಲ್ಲಿ ಕಳೆದ ಅವರು 1963ರ ಆಗಸ್ಟ್ 27ರಂದು, 95ರ ವಯಸ್ಸಿನಲ್ಲಿ ಆಕ್ರಾದಲ್ಲಿ ನಿಧನರಾದರು. ಮರುದಿನ ಕಿಂಗ್ ಮಾತನಾಡಿದ ವಾಷಿಂಗ್ಟನ್ನಿನ ಮಹಾಸಭೆಯಲ್ಲಿ, ನೆರೆದ ಲಕ್ಷಾಂತರ ಜನರಿಗೆ ಆ ಸುದ್ದಿಯನ್ನು ತಿಳಿಸಲಾಯಿತು.