ಹಾಡಲು ಅಂಜದ, ಊಟಕ್ಕೆ ಅಂಜಿದ ಬಾಲಕಿ

ಕ್ರಿಸ್ಮಸ್ ಸಮೀಪಿಸಿದಂತೆ ನಮ್ಮ ಗಾಯನವೃಂದದಲ್ಲಿ ಒಂದು ಸಂಗತಿ ತಪ್ಪದೇ ಮರುಕಳಿಸುತ್ತದೆ. ತಿಂಗಳುಗಟ್ಟಲೆ ಅಭ್ಯಾಸದಲ್ಲಿ ಗಿಣಿಯಂತೆ ಹಾಡಿದ ಮಗು, ಪೀಠದ ಮುಂದೆ ನಿಂತೊಡನೆ ಬಾಯಿ ಒಣಗಿ ಮೂಕವಾಗುತ್ತದೆ. ಹಿರಿಯರಾದ ನಾವು ಹೆದರಬೇಡವೆಂದು ಗದರುತ್ತೇವೆ. ಗದರಿಕೆಯಿಂದ ಅಂಜಿಕೆ ಇಳಿದದ್ದನ್ನು ನಾವಂತೂ ಕಂಡಿಲ್ಲ. ಮಗು ಅಂಜುವುದು ಯಾವುದಕ್ಕೆ ಎಂದು ಮೊದಲು ಕೇಳಬೇಕಲ್ಲವೇ? ಈ ಪ್ರಶ್ನೆ ಎದ್ದಾಗಲೆಲ್ಲ ನಮಗೆ ಗಂಗೂಬಾಯಿ ಹಾನಗಲ್ಲರ ಬಾಲ್ಯ ನೆನಪಾಗುತ್ತದೆ.

ಗಂಗೂಬಾಯಿ ಜನಿಸಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಬಲ್ಲಿದೆ. ತಂದೆ ಚಿಕ್ಕೂರಾವ್ ನಾಡಿಗೇರ. ಮನೆ ಇದ್ದುದು ಶುಕ್ರವಾರಪೇಟೆಯಲ್ಲಿ, ಮೇಲ್ಜಾತಿಯವರ ನೆರೆಯಲ್ಲಿ. ಹಾಡುವವರ ಮನೆಯ ಹುಡುಗಿಯೆಂಬ ಕಾರಣಕ್ಕೆ ಬೀದಿಯಲ್ಲಿ ಮೂದಲಿಕೆ ಕೇಳುವುದು ಆಕೆಗೆ ನಿತ್ಯದ ಪಾಠವಾಗಿತ್ತು. ಒಮ್ಮೆ ಮಾವಿನಕಾಯಿಯ ಆಸೆಯಿಂದ ನೆರೆಯವರ ತೋಟಕ್ಕೆ ಕಾಲಿಟ್ಟಾಗ ಆಕೆಯನ್ನು ಬೈದು ಹೊರಗಟ್ಟಿದರು. ಕಾಯಿ ಕಿತ್ತದ್ದಕ್ಕಿಂತಲೂ ಹಾಡುವವಳ ಮಗಳು ತೋಟದ ನೆಲ ಮೆಟ್ಟಿದ್ದೇ ಅವರಿಗೆ ದೊಡ್ಡ ಅಪರಾಧವಾಗಿ ಕಂಡಿತ್ತು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಸ್ವಾಗತಗೀತೆ ಹಾಡಲು ಆಯ್ಕೆಯಾದ ಬಾಲಕಿಯರಲ್ಲಿ ಹನ್ನೊಂದರ ಹರೆಯದ ಗಂಗೂಬಾಯಿಯೂ ಒಬ್ಬಳು. ದೇಶದ ನಾನಾ ಮೂಲೆಗಳಿಂದ ಬಂದ ಪ್ರತಿನಿಧಿಗಳು, ವೇದಿಕೆಯ ಮೇಲೆ ಮಹಾತ್ಮರು. ಆ ಮಗು ನಡುಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆಕೆ ಅಳುಕಿದ್ದು ನಿಜ, ಆದರೆ ಹಾಡಿಗಾಗಿ ಅಲ್ಲ. ಊಟವಾದ ಮೇಲೆ, ಕೆಳಜಾತಿಯವಳೆಂದು, ಎಲೆ ಎತ್ತಿ ನೆಲ ಬಳಿಯಲು ತನಗೆ ಹೇಳಿಬಿಟ್ಟರೆ ಏನು ಗತಿ ಎಂಬುದೇ ಆಕೆಯ ದಿಗಿಲು. ಮುಂದೆ ವಯೋವೃದ್ಧೆಯಾದಾಗಲೂ ಆ ದಿನದ ಕುರಿತು ಅವರು ನೆನೆಯುತ್ತಿದ್ದುದು ಈ ದಿಗಿಲನ್ನೇ.

ಸಂತ ತೋಮಸ್ ಅಕ್ವಿನಾಸರು ಭಯದ ಪ್ರಭೇದಗಳನ್ನು ವಿಂಗಡಿಸುವಾಗ ಲಜ್ಜೆಯನ್ನೂ ಆ ಪಟ್ಟಿಯಲ್ಲಿ ಸೇರಿಸುತ್ತಾರೆ. ಸೆಮಿನರಿಯಲ್ಲಿ ಓದುವಾಗ ಇದು ನಮಗೆ ಬರಿಯ ಪಾರಿಭಾಷಿಕ ಕಸರತ್ತೆಂದು ತೋರಿತ್ತು. ಬೆಳಗಾವಿಯ ಈ ಬಾಲಕಿಯ ಕಥೆ ತಿಳಿದ ಮೇಲೆ ಹಾಗೆನ್ನಿಸುವುದಿಲ್ಲ. ಸ್ವರ ತಪ್ಪೀತೆಂಬ ಅಂಜಿಕೆಗೆ ಸಾಧನೆ ಮದ್ದು. ಹತ್ತು ಜನರ ಕಣ್ಣಿನಲ್ಲಿ ತಾನು ಕೀಳೆನಿಸುವೆನೆಂಬ ಅಂಜಿಕೆಗೆ ಮದ್ದು ಹಾಡುವವರ ಕೈಯಲ್ಲಷ್ಟೇ ಇರುವುದಿಲ್ಲ, ಕೇಳುವವರ ಕೈಯಲ್ಲೂ ಇರುತ್ತದೆ.

ಮಗಳ ಒಲವು ಹಿಂದೂಸ್ತಾನಿ ಸಂಗೀತದತ್ತ ಹರಿಯುವುದನ್ನು ಕಂಡ ಅಂಬಾಬಾಯಿ, ತಮ್ಮ ಗಾಯನದ ನೆರಳು ಅವಳ ಕಲಿಕೆಯ ಮೇಲೆ ಬೀಳಬಾರದೆಂದು ತಾವು ಹಾಡುವುದನ್ನೇ ತ್ಯಜಿಸಿದರು. ತಾಯಂದಿರು ಈ ಸಂಗತಿಯನ್ನು ಮತ್ತೊಮ್ಮೆ ಓದಬೇಕೆಂಬುದು ನಮ್ಮ ಬಿನ್ನಹ. 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದಿತು. ಅಲ್ಲಿ ಹುಲಗೂರ ಕೃಷ್ಣಾಚಾರ್ಯರಲ್ಲೂ ದತ್ತೋಪಂತ ದೇಸಾಯಿಯವರಲ್ಲೂ ಪಾಠವಾಯಿತು. 1932ರಲ್ಲಿ ತಾಯಿ ತೀರಿಕೊಂಡರು.

1930ರ ದಶಕದ ಕೊನೆಯ ವರ್ಷಗಳಲ್ಲಿ ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆಸಿದಾಗ ಗಂಗೂಬಾಯಿಯವರ ನಿಜವಾದ ತಪಸ್ಸು ಆರಂಭವಾಯಿತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗುವುದು, ಪಾಠ ಮುಗಿಸಿ ಕತ್ತಲಾದ ಮೇಲೆ ಮರಳುವುದು. ಗುರುಗೃಹದಲ್ಲಿದ್ದ ತರುಣ ಭೀಮಸೇನ ಜೋಶಿಯವರು ಅವರನ್ನು ನಿಲ್ದಾಣದವರೆಗೆ ಕಳುಹಿಸಿಬರುತ್ತಿದ್ದರು. ದಾರಿಯಲ್ಲಿ ಗಾನೇವಾಲಿ ಎಂಬ ಕುಹಕ ಇನ್ನೂ ನಿಂತಿರಲಿಲ್ಲ. ಗುರುಗಳ ಕ್ರಮವೋ ಬಲು ಕಠಿಣ: ಒಂದೇ ಸ್ವರಸಮೂಹವನ್ನು ದಿನಗಟ್ಟಲೆ ಹಾಡಿಸುವರು, ಅದು ಕಂಠದಲ್ಲಿ ಪೂರ್ಣವಾಗಿ ಕೂರುವತನಕ ಮುಂದಿನದನ್ನು ಹೇಳಿಕೊಡರು. ಬೆರಳೆಣಿಕೆಯ ರಾಗಗಳು, ಆದರೆ ಆಳವಾದ ಬೇರು. ನಮ್ಮ ರಬಕವಿ ಬನಹಟ್ಟಿಯ ನೇಕಾರರಿಗೆ ಈ ಕ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ; ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸಿ ಅದನ್ನು ಕೂಡಿಸಿದ ಮೇಲೆಯೇ ಅವರು ಲಾಳಿ ಓಡಿಸುತ್ತಾರೆ.

ಕಲಕತ್ತೆಯ ಸಂಗೀತ ಸಮ್ಮೇಳನಕ್ಕೆ ಹೋದಾಗ ಅವರ ಕೃಶ ದೇಹವನ್ನು ಕಂಡ ಸಂಘಟಕರಿಗೆ ಸಂಶಯವುಂಟಾಗಿ, ಮುನ್ನಾದಿನ ಖಾಸಗಿಯಾಗಿ ಹಾಡಿಸಿ ನೋಡಿದರು. ಪರೀಕ್ಷೆಯ ಮೇಲೆ ಪರೀಕ್ಷೆ! ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅವರ ಕಂಠವೇ ಬದಲಾಗಿ ಗಂಡುದನಿಯಂತೆ ಗಡುಸಾಯಿತು. ಸ್ತ್ರೀಕಂಠ ಕೋಮಲವಾಗಿರಲೇಬೇಕೆಂದು ನಂಬಿದ್ದ ಆ ಕಾಲದಲ್ಲಿ ಬೇರೆ ಯಾರಾದರೂ ತಂಬೂರಿ ಕೆಳಗಿಡುತ್ತಿದ್ದರೇನೋ. ಅವರು ಬಂದ ದನಿಯನ್ನೇ ಒಪ್ಪಿಕೊಂಡರು. ಕಿರಾನಾ ಘರಾಣೆಯ ಕೇಳುಗರು ಅದನ್ನೇ ಅರಸಿಬಂದರು.

1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. ಜೊತೆಗೆ ಕುಳಿತು ಹಾಡುತ್ತಿದ್ದ ಮಗಳು ಕೃಷ್ಣಾ 2004ರಲ್ಲಿ ಅಗಲಿದರು. 2009ರ ಜುಲೈ 21ರಂದು, ತೊಂಬತ್ತಾರರ ವಯಸ್ಸಿನಲ್ಲಿ, ಗಂಗೂಬಾಯಿ ಹುಬ್ಬಳ್ಳಿಯಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಹೆಸರು ಬಂದ ಮೇಲೆ, ಹಿಂದೆ ಮಾವಿನ ತೋಟದಿಂದ ಅಟ್ಟಿದ್ದ ಆ ನೆರೆಯವರೇ ಅವರನ್ನು ಮನೆಗೆ ಆದರದಿಂದ ಕರೆದು ಊಟಕ್ಕೆ ಕೂರಿಸಿದರಂತೆ. ಇದನ್ನು ಹೇಳುವಾಗ ಅವರ ಮಾತಿನಲ್ಲಿ ಕಹಿ ಇರುತ್ತಿರಲಿಲ್ಲ.